ಸೋ ಅನ್ನುವವರು

ರಾಜಕುಮಾರನ ಕಾರು ಶ್ರೀರಾಂಪುರ ದಾಟಿ ಹೊಸದುರ್ಗದ ರಸ್ತೆಗೆ ಬಿದ್ದ ಮೇಲೂ ತಿಪ್ಪಕ್ಕ ಮಡಿಲಿನ ಗಂಟಿನ ಮೇಲಿಂದ ಕೈ ತೆಗೆದಿರಲಿಲ್ಲ. ಗಂಟು ಅಂದರೆ ಹಳೆಯ ಕಂಬಳಿಯದೊಂದು ತುಂಡು. ಅದರೊಳಗೆ ಒಂದು ವಾಕ್‌ಮನ್ನು, ವಾಕ್‌ಮನ್ನಿನ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ಟು. ಎರಡೂ ಹೆಚ್ಚುಕಡಿಮೆ ಮೂವತ್ತು ವರ್ಷ ಹಳೆಯವು. ಮಗ ಸಣ್ಣಪ್ಪ ಪ್ರಾಯದಲ್ಲಿದ್ದಾಗ ಕುರಿ ಹೊಡೆದುಕೊಂಡು ಹೋಗುವಾಗ ಆ ವಾಕ್‌ಮನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಕಂಪನಿಯ ಹೆಸರು ಅವನ ಬೆವರಿಗೇ ಅಳಿಸಿಹೋಗಿತ್ತು. ಕ್ಯಾಸೆಟ್ಟಿನಲ್ಲಿದ್ದದ್ದು ತಿಪ್ಪಕ್ಕನ ದನಿ.

"ಅಜ್ಜಿ, ಇಷ್ಟು ತ್ರಾಸು ಯಾಕೆ ತಗಂತೀಯ," ಅಂದ ರಾಜಕುಮಾರ. ಅವನು ತಿಪ್ಪಕ್ಕನ ಹಟ್ಟಿಯವನೇ, ಮದುವೆ ಮುಂಜಿ ಆಸ್ಪತ್ರೆಗೆಲ್ಲ ಕಾರು ಓಡಿಸುವವನು. "ನನ್ನ ಫೋನಲ್ಲಿ ಸೋಬಾನೆ ಅಂತ ಒತ್ತಿದ್ರೆ ರಾಶಿ ಬಂದು ಬೀಳ್ತವೆ. ಬೇಕಾದ್ದು ಹಾಕಾಣ."

"ಅವ್ರು ಯಾರ ಮನೆ ಹೆಣ್ಣನ್ನ ಕಳಿಸ್ತಾ ಹೇಳಿದ್ದಾರೋ ಏನೋ," ಅಂದಳು ತಿಪ್ಪಕ್ಕ. "ಕಂಡೋರ ಮನೆ ಹೆಣ್ಣಿನ ಪದ ಹಾಕಿ ನನ್ನ ಮೊಮ್ಮಗಳನ್ನ ಕಳಿಸ್ಲಾ?"

"ಹೆಸ್ರು ಯಾವ್ದಾದ್ರೇನಜ್ಜಿ, ಸೌಂಡ್ ಬಂದ್ರೆ ಸಾಕಲ್ಲ."

"ನೀನು ಸುಮ್ನೆ ಗಾಡಿ ಹೊಡಿಯಪ್ಪ."

ಹಿಂದಿನ ಸೀಟಿನಲ್ಲಿ ಕೂತಿದ್ದ ಮಗಳು ರೇಣುಕಮ್ಮ ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತಿದ್ದಳು. ಅವಳು ಹಟ್ಟಿಯ ಅಂಗನವಾಡಿಯಲ್ಲಿ ಟೀಚರು. ಬಳೆ, ಬ್ಲೌಸಿನ ತುಂಡು, ಅರಿಶಿನದ ಕೊಂಬು ಅಂತ ಮದುವೆಯ ಸಾಮಾನು ಬಾಕಿ ಇದ್ದವು. ಅವನ್ನು ತರಲು ಹೊರಟವಳು. ಮಾತು ಅವಳ ಕಿವಿಗೆ ಬಿದ್ದಿತ್ತು.

ಆ ಹಟ್ಟಿಯ ಹೆಣ್ಣುಮಕ್ಕಳನ್ನು ಗಂಡನ ಊರಿಗೆ ಕರೆದೊಯ್ಯುವಾಗ ಆ ಊರಿನ ಎಲ್ಲೆಯಲ್ಲಿ ಗಾಡಿ ನಿಲ್ಲಿಸಿ ಪದ ಹೇಳುವುದು ರೂಢಿ. ಎಲ್ಲೆ ಪದ ಅಂತಲೇ ಅದಕ್ಕೆ ಹೆಸರು. ಇಂಥ ಊರಿನ, ಇಂಥವರ ಮಗಳು, ಇಂಥ ಹೆಸರಿನವಳು ಬಂದಿದ್ದಾಳೆ, ದಾರಿ ಬಿಡಿ ಎಂದು ಆ ಊರಿನ ಮಣ್ಣಿಗೆ, ಕಲ್ಲಿಗೆ, ಮರಕ್ಕೆ ತಿಳಿಸಿದ ಮೇಲೆಯೇ ಗಾಡಿ ಒಳಗೆ ಹೋಗಬೇಕು. ಪದ ಗಂಡನ ಮನೆಯ ಹೊಸ್ತಿಲವರೆಗೆ ನಡೆಯಬೇಕು. ಒಬ್ಬಳು ಮುಂದೆ ನಿಂತು ಹೇಳುತ್ತಾಳೆ, ಉಳಿದವರು ಹಿಂದಿನಿಂದ ಸೋ ಅನ್ನುತ್ತಾರೆ. ಸೋ ಅನ್ನುವವರು ಇಲ್ಲದೆ ಹೇಳುವ ಹಾಗಿಲ್ಲ. ಒಂಟಿ ದನಿಯಲ್ಲಿ ಹೇಳುವುದು ಹೆಣದ ಮುಂದೆ ಮಾತ್ರ.

ತಿಪ್ಪಕ್ಕ ಹೇಳುವವಳು. ಬರಗೇರಮ್ಮ, ಕರಿಯಕ್ಕ, ಈರಕ್ಕ ಸೋ ಅನ್ನುವವರು. ಹಟ್ಟಿಯಿಂದ ಹೊರಗೆ ಕೊಟ್ಟ ಹೆಣ್ಣುಗಳನ್ನೆಲ್ಲ ಈ ನಾಲ್ವರೇ ಎಲ್ಲೆ ದಾಟಿಸಿದ್ದರು. ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ, ಆಮೇಲೆ ಟೆಂಪೋದಲ್ಲಿ. ಈಗ ಬರಗೇರಮ್ಮ ಇಲ್ಲ. ಕರಿಯಕ್ಕ ಹೊಳಲ್ಕೆರೆಯ ಮಗಳ ಮನೆಯಲ್ಲಿ ಮಂಚ ಹಿಡಿದಿದ್ದಾಳೆ. ಈರಕ್ಕ ಗಟ್ಟಿಯಾಗಿದ್ದಾಳೆ, ಆದರೆ ಕಿವಿ ಪೂರಾ ಹೋಗಿದೆ. ಎಲ್ಲಿ ಸೋ ಅನ್ನಬೇಕೋ ಅಲ್ಲಿ ಬಿಟ್ಟು, ಎಲ್ಲಿ ಅನ್ನಬಾರದೋ ಅಲ್ಲಿ ಅನ್ನುತ್ತಾಳೆ. ಪ್ರಾಯದ ಹುಡುಗಿಯರಿಗೆ ಕಲಿಸೋಣ ಅಂತ ತಿಪ್ಪಕ್ಕ ಒಂದೆರಡು ಸಲ ಕೂರಿಸಿಕೊಂಡಳು. ಒಬ್ಬಳು ಸೋ ಅಂದರೆ ಇನ್ನೊಬ್ಬಳಿಗೆ ನಗು, ಅವಳ ನಗುವಿಗೆ ಮಿಕ್ಕವರಿಗೆಲ್ಲ ನಗು. ಹಾಗಾಗಿ ಈಚಿನ ಹೆಣ್ಣುಗಳು ಎಲ್ಲೆ ಪದವಿಲ್ಲದೆ ಹೋದವು. ತಿಪ್ಪಕ್ಕ ಮದುವೆಗಳಿಗೆ ಹೋಗಿ ಉಂಡು ಬಂದಳು, ಅಷ್ಟೆ.

ಈಗ ನಾಡಿದ್ದು ಹೋಗಬೇಕಾದವಳು ಯಮುನಾ, ಸಣ್ಣಪ್ಪನ ಮಗಳು, ಇರುವವಳೊಬ್ಬಳೇ ಮೊಮ್ಮಗಳು. ಗಂಡು ಹಿರಿಯೂರಿನ ಹತ್ತಿರ ಬಬ್ಬೂರಿನವನು, ಕಿರಣ್‌ಕುಮಾರ್, ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. "ಅಜ್ಜಿ, ನನ್ನನ್ನ ಮಾತ್ರ ಸುಮ್ನೆ ಕಳಿಸ್ಬೇಡ," ಅಂತ ಯಮುನಾ ನಿಶ್ಚಿತಾರ್ಥದ ದಿನವೇ ಅಂದಿದ್ದಳು. ತಿಪ್ಪಕ್ಕ ಹೂಂ ಅಂದುಬಿಟ್ಟಿದ್ದಳು. ಹೇಗೆ ಅನ್ನುವುದು ಗೊತ್ತಿರಲಿಲ್ಲ. ಮದುವೆಗೆಂದು ಮನೆಗೆ ಸುಣ್ಣ ಹೊಡೆಯುವಾಗ ಅಟ್ಟದ ಟ್ರಂಕಿನಲ್ಲಿ ಈ ಕ್ಯಾಸೆಟ್ಟು, ವಾಕ್‌ಮನ್ನು ಸಿಕ್ಕವು. ಸಣ್ಣಪ್ಪ ಎರಡು ಸೆಲ್ಲು ಹಾಕಿ, ಇಯರ್‌ಫೋನನ್ನು ಅವ್ವನ ಕಿವಿಗೆ ಇಟ್ಟ. ಒಳಗೆ ಬರಗೇರಮ್ಮ ಸೋ ಅಂದಳು. ತಿಪ್ಪಕ್ಕ ಅಲ್ಲೇ ಸುಣ್ಣದ ಬಕೆಟ್ಟಿನ ಪಕ್ಕ ಕುಂತುಬಿಟ್ಟಳು.

ಇನ್ನು ಉಳಿದದ್ದು ಒಂದೇ ತೊಡಕು. ವಾಕ್‌ಮನ್ನಿಗೆ ಬಾಯಿಲ್ಲ, ಅದು ಒಬ್ಬರ ಕಿವಿಗೆ ಹೇಳುವ ಯಂತ್ರ. ಎಲ್ಲೆ ಪದ ಊರಿಗೇ ಕೇಳಬೇಕು. ಹಟ್ಟಿಯಲ್ಲಿದ್ದ ಹಳೆಯ ಟೇಪ್‌ರೆಕಾರ್ಡರುಗಳೆಲ್ಲ ಎಂದೋ ಗುಜರಿಗೆ ಹೋಗಿದ್ದವು. ರಾಜಕುಮಾರನ ಕಾರಿನ ಸ್ಟೀರಿಯೋ ಮಾತ್ರ ಅರ್ಧ ಮೈಲಿಗೆ ಕೇಳುತ್ತಿತ್ತು.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ರವೀಂದ್ರನ ಅಂಗಡಿ. ಕಾರಿನ ಸೀಟ್ ಕವರು, ಹಾರನ್ನು, ಮ್ಯೂಸಿಕ್ ಸಿಸ್ಟಮ್ಮು, ಕನ್ನಡಿಗೆ ತೂಗುಬಿಡುವ ಸರ, ಎಲ್ಲ ಸಿಗುತ್ತದೆ. ರೇಣುಕಮ್ಮ ಬಳೆ ಅಂಗಡಿಯ ಕಡೆಗೆ ಹೋದಳು. ತಿಪ್ಪಕ್ಕ ಕಂಬಳಿ ಬಿಚ್ಚಿ ವಾಕ್‌ಮನ್ನನ್ನು ಗಾಜಿನ ಕೌಂಟರಿನ ಮೇಲಿಟ್ಟಳು.

"ಯಪ್ಪಾ," ಅಂದ ರವೀಂದ್ರ, ಅದನ್ನು ತಿರುಗಿಸಿ ನೋಡುತ್ತಾ. "ಇದು ಇನ್ನೂ ಓಡ್ತದಾ?"

"ನಾನೇ ಓಡ್ತಿದೀನಿ, ಅದಕ್ಕೇನು ದೊಡ್ಡ ರೋಗ," ಅಂದಳು ತಿಪ್ಪಕ್ಕ.

ರವೀಂದ್ರ ನಕ್ಕು ಒಂದು ಸ್ಟೂಲು ಎಳೆದು ಕೊಟ್ಟ. "ಕುಂತ್ಕಳ್ರಿ ಅಜ್ಜಿ. ನೋಡ್ರಿ, ಈ ಕಾರಲ್ಲಿ ಬ್ಲೂಟೂತ್ ಐತೆ, ಪೆನ್‌ಡ್ರೈವ್ ಹಾಕೋ ತೂತು ಐತೆ. ಇದಕ್ಕೆ ಆ ಎರಡೂ ಗೊತ್ತಿಲ್ಲ. ಕ್ಯಾಸೆಟ್ ನನ್ ಕೈಗೆ ಕೊಡ್ರಿ, ಚಿತ್ರದುರ್ಗಕ್ಕೆ ಕಳಿಸಿ ಪೆನ್‌ಡ್ರೈವ್‌ಗೆ ಇಳಿಸಿ ತರಿಸ್ತೀನಿ. ಒಂದ್ ವಾರ ಆಗ್ತದೆ."

"ಮದುವೆ ನಾಡಿದ್ದೈತಪ್ಪ. ಕ್ಯಾಸೆಟ್ ನಾನು ಯಾರ ಕೈಗೂ ಕೊಡಲ್ಲ."

"ಹಂಗಾದ್ರೆ ವೈರು ಸಿಕ್ಕಿಸೋ ಆಕ್ಸ್ ತೂತು ಒಂದೇ ದಾರಿ. ಐತೇನಲೇ ರಾಜ, ನಿನ್ ಗಾಡೀಲಿ?"

ಇತ್ತು. ಸ್ಟೀರಿಯೋದ ಕೆಳಗೆ, ಧೂಳು ಕೂತು ಮುಚ್ಚಿಹೋಗಿತ್ತು. ರಾಜಕುಮಾರನಿಗೇ ಅದರ ನೆನಪಿರಲಿಲ್ಲ. ರವೀಂದ್ರ ಡಬ್ಬವೊಂದನ್ನು ತಡಕಾಡಿ ಎರಡೂ ತುದಿಗೆ ಒಂದೇ ಥರದ ಪಿನ್ನಿರುವ ಕರಿ ವೈರು ತೆಗೆದ. ಉದ್ದದ್ದೇ ಆಯ್ದ, ಅಜ್ಜಿ ಮಡಿಲಲ್ಲಿ ಇಟ್ಟುಕೊಳ್ಳಲು ಅನುಕೂಲವಾಗಲಿ ಅಂತ. ಒಂದು ತುದಿ ಕಾರಿಗೆ, ಇನ್ನೊಂದು ತುದಿ ಇಯರ್‌ಫೋನಿನ ತೂತಿಗೆ. ಪ್ಲೇ ಒತ್ತಿದ.

ಕಾರಿನ ನಾಲ್ಕೂ ಬಾಗಿಲಿಂದ ಹೆಂಗಸರ ದನಿ ಎದ್ದಿತು.

*ಮೆಲ್ಲಕೆ ನಡೆಸೀರೆ ಸೋ, ಬಿಸಿಲೈತೆ ಸೋ...*

ಆಮೇಲೆ ಒಂದಿಷ್ಟು ಹೊತ್ತು ಸದ್ದಿಲ್ಲ. ಬರೀ ದೂರದಲ್ಲೆಲ್ಲೋ ಗಾಳಿ ಬೀಸಿದ ಹಾಗೆ ಒಂದು ಸುಯ್ಲು. ಮತ್ತೆ ಅದೇ ಸಾಲು.

"ಬಂತಲ್ಲ," ಅಂದ ರಾಜಕುಮಾರ.

"ಎಲ್ಲಿ ಬಂತು? ಇವ್ರು ಬರೀ ಸೋ ಅನ್ನೋರು. ನಾನೆಲ್ಲಿ?"

"ನೀನು ನೀರು ಕುಡಿಯಕ್ಕೆ ಹೋಗಿದ್ದೆಯೇನೋ ಆವತ್ತು."

"ಬಾಯಿ ಮುಚ್ಚಲೇ. ನಾನು ಹೇಳದೆ ಅವ್ರು ಯಾತಕ್ಕೆ ಸೋ ಅಂದಾರು?"

ರವೀಂದ್ರ ನಗಲಿಲ್ಲ. ವಾಕ್‌ಮನ್ನಿನ ತೂತಿಗೆ ಟಾರ್ಚು ಬಿಟ್ಟು ನೋಡಿದ. "ರೆಕಾರ್ಡ್ ಮಾಡಿದಾಗ ಹೆಂಗೆ ಕುಂದ್ರಿಸಿದ್ರು ಅಜ್ಜಿ ನಿಮ್ಮನ್ನ?"

"ಚಿತ್ರದುರ್ಗದಾಗೆ. ಕ್ಯಾಸೆಟ್ ಅಂಗಡಿಯೋನು ಒಂದು ರೂಮಿಗೆ ಗೋಣಿಚೀಲ ಬಡಿದು ಸ್ಟುಡಿಯೋ ಮಾಡಿದ್ದ. ನಾನು ನಡುವೆ. ಬರಗೇರಿ, ಕರಿಯಕ್ಕ ಎಡಕ್ಕೆ. ಈರಕ್ಕ ಬಲಕ್ಕೆ. ಒಂದೊಂದು ಕಡೆಗೆ ಒಂದೊಂದು ಮೈಕು."

"ಅದಕ್ಕೇ ಮತ್ತೆ. ಈ ತೂತೊಳಗೆ ಕಸ ಕುಂತೈತೆ, ಪಿನ್ನು ಪೂರ್ತಿ ಕೂತಿಲ್ಲ, ಅರ್ಧಕ್ಕೆ ನಿಂತೈತೆ. ಹಂಗೆ ನಿಂತಾಗ ಎಡದ್ದೂ ಬಲದ್ದೂ ಒಂದಕ್ಕೊಂದು ಕಳೆದು ಬಿಡ್ತವೆ. ಎರಡು ಕಡೆಗೂ ಸಮ ಇರೋದು ನಡುವಿನ ದನಿ. ಅದು ಸತ್ತೋಗ್ತದೆ. ಪಕ್ಕದವು ಉಳಿತವೆ."

"ನಡುವೆ ಇರೋರಿಗೇ ಯಾವಾಗ್ಲೂ ಹೊಡ್ತ," ಅಂದಳು ತಿಪ್ಪಕ್ಕ. ಅವಳಿಗೆ ಪೂರಾ ತಿಳಿಯದಿದ್ದರೂ ಅಷ್ಟು ತಿಳಿಯಿತು.

ರವೀಂದ್ರ ಸೂಜಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ತೂತನ್ನು ಒರೆಸಿದ. ಪಿನ್ನು ತಳ್ಳಿದ, ಟಕ್ ಅಂತ ಒಳಗೆ ಕೂತಿತು. ಆಗ ತಿಪ್ಪಕ್ಕನ ದನಿ ಬಂತು. ಮೂವತ್ತು ವರ್ಷದ ಹಿಂದಿನ ದನಿ, ನಡುವಿನಿಂದ, ಉಳಿದ ಮೂವರನ್ನೂ ಹಿಂದಕ್ಕೆ ಕಟ್ಟಿಕೊಂಡು. ಗಣಪತಿಗೆ ಒಂದು ನುಡಿ, ಊರ ದೇವತೆಗೆ ಒಂದು ನುಡಿ. ಪಕ್ಕದ ಟೀ ಅಂಗಡಿಯವನು ಗ್ಲಾಸು ತೊಳೆಯುವುದನ್ನು ಬಿಟ್ಟು ಈ ಕಡೆ ನೋಡಿದ.

"ಸ್ವಲ್ಪ ದಪ್ಪ ಕೇಳ್ತೈತೆ," ಅಂದಳು ತಿಪ್ಪಕ್ಕ. "ನನ್ ದನಿ ಇಷ್ಟು ದಪ್ಪ ಇರ್ಲಿಲ್ಲ."

"ಒಳಗಿನ ಬೆಲ್ಟು ಸಡಿಲ ಆಗೈತೆ. ನಿಧಾನ ತಿರುಗ್ತದೆ, ಅದಕ್ಕೆ ದನಿ ಇಳಿದೈತೆ. ಆ ಸೈಜಿನ ಬೆಲ್ಟು ಈಗ ಎಲ್ಲೂ ಸಿಗಲ್ಲ ಅಜ್ಜಿ. ಪೂರ್ತಿ ಕೇಳಿಬಿಡ್ರಿ ಒಂದ್ಸಲ, ಎಲ್ಲಾದ್ರೂ ಎಳೀತದಾ ನೋಡಾಣ."

ದೇವರ ನುಡಿಗಳು ಮುಗಿಯುತ್ತಿದ್ದವು. ತಿಪ್ಪಕ್ಕ ತಾನೇ ಕೈ ಚಾಚಿ ನಿಲ್ಲಿಸುವ ಗುಂಡಿ ಒತ್ತಿದಳು. "ಬ್ಯಾಡ. ಹೋಗೋ ಹೆಣ್ಣು ಎದುರಿಗಿಲ್ದೆ ಎಲ್ಲೆ ಪದ ಪೂರ್ತಿ ಹೇಳಬಾರ್ದು. ಇನ್ನು ಬಬ್ಬೂರಲ್ಲೇ."

ರವೀಂದ್ರ ಒತ್ತಾಯ ಮಾಡದೆ ಟೇಪನ್ನು ಮೊದಲಿಗೆ ಸುತ್ತಿದ. ಪಿನ್ನು ಅಲ್ಲಾಡದಿರಲಿ ಅಂತ ವಾಕ್‌ಮನ್ನಿಗೆ ರಬ್ಬರ್ ಬ್ಯಾಂಡು ಸುತ್ತಿ, ವೈರನ್ನು ಅದರಡಿ ಸಿಕ್ಕಿಸಿ ಕೊಟ್ಟ.

ವಾಪಸು ಬರುವಾಗ ರೇಣುಕಮ್ಮ ಬಳೆಯ ಡಬ್ಬಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಊರು ಹತ್ತಿರವಾದಾಗ ಕೇಳಿದಳು: "ಅವ್ವ, ಅದೇ ಕ್ಯಾಸೆಟ್ಟೇ ಆಗ್ಬೇಕಾ?"

"ಮತ್ಯಾವ್ದೈತೆ?"

"ಇಲ್ಲ. ಸುಮ್ನೆ ಕೇಳ್ದೆ."

"ನಿನಗೇನು ಬ್ಯಾಸರ ಅದ್ರ ಮೇಲೆ?"

"ಏನಿಲ್ಲವ್ವ," ಅಂದಳು ರೇಣುಕಮ್ಮ.

ರೇಣುಕಮ್ಮನ ಮದುವೆಯಾದದ್ದೂ ಆ ಕ್ಯಾಸೆಟ್ಟಾದ ವರ್ಷವೇ. ವೈಶಾಖದಲ್ಲಿ ಹೋದವಳು ಮುಂದಿನ ವೈಶಾಖ ಬರುವ ಮೊದಲೇ ಒಂದು ಚೀಲ ಹಿಡಿದು ಹಟ್ಟಿಗೆ ಬಂದಳು. ಕರೆಯಲು ಅವರೂ ಬರಲಿಲ್ಲ, ಹೋಗುತ್ತೇನೆಂದು ಇವಳೂ ಅನ್ನಲಿಲ್ಲ. ಆಮೇಲೆ ಅಂಗನವಾಡಿಯ ಕೆಲಸ ಸಿಕ್ಕಿತು. ಹಟ್ಟಿಯ ಮಕ್ಕಳೆಲ್ಲ ಅವಳ ಕೈಯಲ್ಲೇ ಅ ಆ ಕಲಿತವು, ಯಮುನಾ ಕೂಡ. ಯಮುನಾಗೆ ಅವ್ವನಿಗಿಂತ ಅತ್ತೆಯೇ ಹೆಚ್ಚು.

ಮದುವೆಯ ದಿನ ಬೆಳಿಗ್ಗೆ ಮನೆಯ ಮುಂದಿನ ಚಪ್ಪರದಲ್ಲಿ ತಾಳಿ ಆಯಿತು, ಊಟ ಆಯಿತು. ಬಿಸಿಲು ವಾಲುವ ಹೊತ್ತಿಗೆ ಹೆಣ್ಣು ಒಪ್ಪಿಸಿದರು. ಗಂಡು ಮೊದಲೇ ಹೋಗಿ ತನ್ನ ಮನೆಯ ಹೊಸ್ತಿಲಲ್ಲಿ ನಿಂತಿರಬೇಕು. ಕಿರಣ್‌ಕುಮಾರ್ ಮುಂದಿನ ಗಾಡಿಯಲ್ಲಿ ಹೊರಟುಹೋದ. ಹೆಣ್ಣನ್ನು ಕರೆದೊಯ್ಯಲು ಅವನ ದೊಡ್ಡಮ್ಮ ಗಿರಿಯಮ್ಮ ಉಳಿದಿದ್ದಳು. ಮೈತುಂಬ ಒಡವೆ, ಕೈಯಲ್ಲಿ ಕರ್ಚೀಫು, ಮಾತು ಚೂಪು. ಕಾರಿನ ಬಾಗಿಲಲ್ಲಿ ರೇಣುಕಮ್ಮನನ್ನು ನೋಡಿ ಕೇಳಿದಳು:

"ಇವ್ರೂ ಇದೇ ಗಾಡೀಲಿ ಬರ್ತಾರೇನು?"

ಕೇಳಿದ್ದು ಸೀಟಿನ ವಿಷಯ ಅನ್ನುವ ಹಾಗಿತ್ತು. ಆದರೆ ಯಾವ ವಿಷಯ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಂಡನ ಮನೆ ಬಿಟ್ಟು ಬಂದವಳು ಹೊಸ ಹೆಣ್ಣಿನ ಪಕ್ಕ ಕೂರುವುದು.

"ಅತ್ತೆ ಬಂದ್ರೆ ನಾನು ಹತ್ತೋದು," ಅಂದಳು ಯಮುನಾ, ತಲೆ ಬಗ್ಗಿಸಿಕೊಂಡೇ.

"ಬರ್ಲಿ ಬಿಡ್ರಿ, ಜಾಗ ಐತಲ್ಲ," ಅಂದ ರಾಜಕುಮಾರ.

ತಿಪ್ಪಕ್ಕ ಮುಂದೆ, ರಾಜಕುಮಾರನ ಪಕ್ಕ. ಅವಳ ಹಿಂದೆ ರೇಣುಕಮ್ಮ, ನಡುವೆ ಯಮುನಾ, ಆ ಕಡೆ ಗಿರಿಯಮ್ಮ. ವಾಕ್‌ಮನ್ನಿಗೆ ಹೊಸ ಸೆಲ್ಲು ಹಾಕಿತ್ತು. ಹೊಸದುರ್ಗ ದಾಟಿದ ಮೇಲೆ ಮಾರಿಕಣಿವೆ ಡ್ಯಾಮಿನ ನೀರು ದೂರದಲ್ಲಿ ಒಂದಿಷ್ಟು ಹೊಳೆದು ಮರೆಯಾಯಿತು. ಯಮುನಾ ಅತ್ತೆಯ ಭುಜಕ್ಕೆ ಒರಗಿ ಸ್ವಲ್ಪ ಹೊತ್ತು ನಿದ್ದೆ ಮಾಡಿದಳು. ತಿಪ್ಪಕ್ಕ ಮಾತ್ರ ಎರಡು ಸಲ ಪಿನ್ನು ಮುಟ್ಟಿ ನೋಡಿಕೊಂಡಳು.

ಕಾಲುವೆಯ ಸೇತುವೆ ಬಂದಾಗ ಗಿರಿಯಮ್ಮ ಹೇಳಿದಳು: "ಇಲ್ಲೇ ನಿಲ್ಸಪ್ಪ. ಇಲ್ಲಿಂದ ನಮ್ಮೂರು."

ಸೇತುವೆಯ ಪಕ್ಕ ಒಂದು ಬೇವಿನ ಮರ, ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲು. ಕೃಷಿ ಕೇಂದ್ರದ ಫಾರಮ್ಮಿನ ಕೆಲಸ ಮುಗಿಸಿ ಬುತ್ತಿ ಚೀಲ ಹಿಡಿದು ಬರುತ್ತಿದ್ದ ಹೆಂಗಸರು ಹೂವಿನ ಕಾರು ಕಂಡು ರಸ್ತೆಯ ಬದಿಗೆ ನಿಂತರು. ರಾಜಕುಮಾರ ಕಿಟಕಿಗಳನ್ನೆಲ್ಲ ಇಳಿಸಿ ಸ್ಟೀರಿಯೋದ ದನಿ ಏರಿಸಿದ. ತಿಪ್ಪಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪ್ಲೇ ಒತ್ತಿದಳು.

ಪದ ಶುರುವಾಯಿತು. ಗಣಪತಿಯ ನುಡಿ, ದೇವತೆಯ ನುಡಿ, ಪ್ರತಿ ನುಡಿಯ ಬೆನ್ನಿಗೆ ಮೂವರ ಸೋ. ಬುತ್ತಿ ಚೀಲದ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳನ್ನು ತಿವಿದಳು, "ಕೇಳು, ಹಳೇ ಕಾಲದ್ದು." ಗಿರಿಯಮ್ಮನ ಮುಖವೂ ಸಡಿಲವಾಯಿತು.

*ಯಾರು ಬಂದಾರವ್ವ ನಿಮ್ಮೂರ ಎಲ್ಲೆಗೆ*
*ಮೆಲ್ಲಕೆ ನಡೆಸೀರೆ ಸೋ, ಬಿಸಿಲೈತೆ ಸೋ...*

ಆ ಸಾಲು ಬಂದಾಗ ತಿಪ್ಪಕ್ಕನ ತುಟಿ ತಾನಾಗಿ ಮುಂದಿನ ಸಾಲಿಗೆ ಅಣಿಯಾಯಿತು, ಯಮುನಾ ಅನ್ನಲು. ಸ್ಟೀರಿಯೋ ಅಂದಿತು:

*ತಿಪ್ಪಕ್ಕನ ಮಗಳು ರೇಣುಕ ಬಂದಾಳೆ*

ಹೆಣ್ಣಿಲ್ಲದೆ ಹೇಳಬಾರದು ಅಂತ ಆವತ್ತು ಗೋಣಿಚೀಲದ ಕೋಣೆಯಲ್ಲಿ ತಾನೇ ಹಟ ಹಿಡಿದದ್ದು, ಯಾವುದಾದರೂ ಹೆಸರು ಹೇಳಮ್ಮ ಅಂತ ಅಂಗಡಿಯವನು ಅಂದದ್ದು, ಆ ತಿಂಗಳಷ್ಟೇ ಕಳಿಸಿಬಂದಿದ್ದ ಮಗಳ ಹೆಸರು ನಾಲಿಗೆಗೆ ಬಂದದ್ದು, ಎಲ್ಲವೂ ತಿಪ್ಪಕ್ಕನಿಗೆ ಒಮ್ಮೆಗೇ ನೆನಪಾಯಿತು. ಜೀವಮಾನವಿಡೀ ಅವಳ ಪದದಲ್ಲಿ ಹೆಸರಿನ ಜಾಗ ಖಾಲಿಯೇ ಇತ್ತು. ಎದುರಿಗೆ ಯಾವ ಹೆಣ್ಣಿತ್ತೋ ಆ ಹೆಸರು ತಾನಾಗಿ ಅಲ್ಲಿ ಬಂದು ಕೂರುತ್ತಿತ್ತು. ಕ್ಯಾಸೆಟ್ಟಿನೊಳಗೂ ಆ ಜಾಗ ಖಾಲಿ ಇದೆ ಎಂದೇ ಅವಳು ನಂಬಿದ್ದಳು. ಒಮ್ಮೆಯೂ ಬೇರೆ ಯೋಚನೆ ಬಂದಿರಲಿಲ್ಲ.

"ರೇಣುಕ ಯಾರು?" ಅಂದಳು ಗಿರಿಯಮ್ಮ. ಕೇಳುತ್ತಲೇ ಅವಳ ಕಣ್ಣು ಯಮುನಾಳನ್ನು ದಾಟಿ ಆ ಪಕ್ಕಕ್ಕೆ ಹೋಯಿತು. "ಏನ್ರಿ ಬೀಗಿತ್ತಿ, ಇದೇನ್ ಹೇಳಿಸ್ತಿದೀರಿ ನಮ್ಮೂರ ಎಲ್ಲೇಲಿ?"

ರೇಣುಕಮ್ಮ ಮುಖ ತಗ್ಗಿಸಲಿಲ್ಲ. ಬೇವಿನ ಮರದತ್ತ ನೋಡುತ್ತಿದ್ದಳು. ಆವತ್ತು ಹೊಸದುರ್ಗದಿಂದ ವಾಪಸು ಬರುವಾಗ ಅವಳು ಕೇಳಿದ್ದು ಇದನ್ನೇ ಅಂತ ತಿಪ್ಪಕ್ಕನಿಗೆ ಈಗ ಹೊಳೆಯಿತು. ಇವಳ ಅಣ್ಣ ಸಣ್ಣಪ್ಪ ಆ ದಿನಗಳಲ್ಲಿ ಕುರಿ ರೊಪ್ಪದಲ್ಲಿ ಇದನ್ನು ಹಾಕಿಕೊಂಡು ಕೂರುತ್ತಿದ್ದ; ಇವಳು ಅದೆಷ್ಟು ಸಲ ಕೇಳಿದ್ದಳೋ.

ಸೋ ಮುಗಿಯುತ್ತ ಬಂದಿತ್ತು. ಮುಂದಿನ ನುಡಿಯಲ್ಲಿ ಮತ್ತೆ ಹೆಸರಿದೆ, ಅದರ ಮುಂದಿನದರಲ್ಲೂ ಇದೆ. ತಿಪ್ಪಕ್ಕ ನಿಲ್ಲಿಸುವ ಗುಂಡಿ ಒತ್ತಲು ಹೋದಳು. ಅವಸರದಲ್ಲಿ ಬೆರಳು ವೈರಿಗೆ ಸಿಕ್ಕಿತು. ರಬ್ಬರ್ ಬ್ಯಾಂಡು ಜಾರಿ ಪಿನ್ನು ಅರ್ಧ ಹೊರಗೆ ಬಂತು.

ನಡುವಿನ ದನಿ ಹೋಯಿತು. ಬರೀ ಆ ಗಾಳಿಯ ಸುಯ್ಲು. ಅದರ ಹಿಂದೆಯೇ, ಏನೂ ಆಗಿಲ್ಲವೆನ್ನುವ ಹಾಗೆ, ಬರಗೇರಮ್ಮ, ಕರಿಯಕ್ಕ, ಈರಕ್ಕ:

*ಮೆಲ್ಲಕೆ ನಡೆಸೀರೆ ಸೋ, ಬಿಸಿಲೈತೆ ಸೋ...*

"ಪಿನ್ ಬಿಟ್ಟೈತೆ ಅಜ್ಜಿ," ಅಂದು ರಾಜಕುಮಾರ ಕೈ ಚಾಚಿದ. "ತಾಳು, ಒತ್ತಿ ಬಿಡ್ತೀನಿ."

"ಮುಟ್ಟಬ್ಯಾಡ."

ಅವನು ಕೈ ಹಿಂದಕ್ಕೆ ಎಳೆದುಕೊಂಡ. ತಿಪ್ಪಕ್ಕ ಕಾದಳು. ಸೋ ಮುಗಿಯಿತು, ಸುಯ್ಲು ಬಂತು, ಅವಳ ಜಾಗ ಬಂತು. ಅವಳು ಬಾಯಿ ತೆರೆದಳು.

ಬೆಲ್ಟು ಸಡಿಲವಾಗಿ ಪದದ ಶ್ರುತಿ ಇಳಿದಿದ್ದದ್ದು ಒಳ್ಳೆಯದೇ ಆಯಿತು. ಮೂವತ್ತು ವರ್ಷದ ಹಿಂದಿನ ಎತ್ತರಕ್ಕೆ ಏರಲು ಅವಳಿಂದ ಆಗುತ್ತಿರಲಿಲ್ಲ. ಈಗ ಅವರು ಮೂವರೂ ಅವಳಿಗಾಗಿಯೇ ಒಂದು ಮೆಟ್ಟಿಲು ಕೆಳಗಿಳಿದು ನಿಂತ ಹಾಗಿತ್ತು. ದನಿ ಒರಟಾಗಿ ಬಂತು, ಮೊದಲ ಮಾತು ಗಂಟಲಲ್ಲೇ ಸ್ವಲ್ಪ ಒಡೆಯಿತು. ಆದರೆ ಬಂತು.

ಆಗಲೇ ಎಲ್ಲೆಗೆ ಕೇಳಿಹೋದ ಹೆಸರನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಹೇಳಿದ್ದನ್ನು ಹೇಳಿಲ್ಲ ಅನ್ನುವುದು ಪದದಲ್ಲಿ ಇಲ್ಲ. ಮುಂದಕ್ಕೆ ಕಟ್ಟಬೇಕು, ಅಷ್ಟೆ. ತಿಪ್ಪಕ್ಕ ಕಟ್ಟಿದಳು:

*ಕಳಿಸಾಕೆ ಬಂದಾಳೆ ಸೋದರತ್ತೆ ರೇಣುಕ*

ಮೂವರೂ ಸೋ ಅಂದರು.

*ಉಳಿಯಾಕೆ ಬಂದಾಳೆ ಅಣ್ಣನ ಮಗಳು ಯಮುನ*

ಮೂವರೂ ಸೋ ಅಂದರು.

*ಅತ್ತೆ ಕಲಿಸಿದ ಮಾತು ಮಡಿಲಲ್ಲಿ ಕಟ್ಯಾಳೆ, ಬಬ್ಬೂರ ಬೇವೇ ದಾರಿ ಬಿಡು*

ಬುತ್ತಿ ಚೀಲದ ಹೆಂಗಸರು ಕಾರಿನ ಹತ್ತಿರಕ್ಕೆ ಬಂದಿದ್ದರು. "ಅಜ್ಜಿ ಇಲ್ಲೇ ಹೇಳ್ತೈತೆ ಕಣೆ. ಸೋ ಅನ್ನೋರು ಎಲ್ಲವ್ರೆ?" ಅಂತ ಒಬ್ಬಳು ಕಿಟಕಿಯೊಳಗೆ ಇಣುಕಿದಳು. ಗಿರಿಯಮ್ಮ ಕರ್ಚೀಫನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು. ಸೋದರತ್ತೆ ಕಳಿಸಲು ಬಂದಿದ್ದಾಳೆ ಅಂದ ಮೇಲೆ ಅದರಲ್ಲಿ ತಪ್ಪು ಹುಡುಕುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

"ಹೊರಡಪ್ಪ," ಅಂದಳು ಕೊನೆಗೆ ರಾಜಕುಮಾರನಿಗೆ. "ಮೆಲ್ಲಗೆ ಹೋಗು. ಪದ ತಪ್ಪೀತು."

ಕಾರು ಹೊರಟಿತು. ರಸ್ತೆಯಲ್ಲಿ ಅಲ್ಲಲ್ಲಿ ಗುಂಡಿ. ಮೊದಲ ಗುಂಡಿಗೇ ಪಿನ್ನು ಅಲ್ಲಾಡಿ, ಹಳೆಯ ತಿಪ್ಪಕ್ಕ ಅರ್ಧ ಮಾತಿಗೆ ಒಳಗಿನಿಂದ ಎದ್ದು ಬಂದಳು, *ರೇಣು* ಅನ್ನುವಷ್ಟರಲ್ಲಿ ಮತ್ತೆ ಮಾಯವಾದಳು. ತಿಪ್ಪಕ್ಕನಿಗೆ ಹಾಡಲು ಎದೆ ಹಿಡಿದುಕೊಳ್ಳಬೇಕಿತ್ತು. ಪಿನ್ನು ಹಿಡಿಯಲು ಆಗುತ್ತಿರಲಿಲ್ಲ. ಆಗ ಹಿಂದಿನ ಸೀಟಿನಿಂದ ಒಂದು ಕೈ ಬಂತು. ರೇಣುಕಮ್ಮ ಮುಂದಕ್ಕೆ ಬಾಗಿ ವಾಕ್‌ಮನ್ನನ್ನು ಅವ್ವನ ಮಡಿಲಿಂದ ಎತ್ತಿಕೊಂಡು, ಪಿನ್ನನ್ನು ಎರಡು ಬೆರಳಲ್ಲಿ ಹಿಡಿದಳು. ಸ್ವಲ್ಪ ಒತ್ತಿದಳು, ಸ್ವಲ್ಪ ಎಳೆದಳು. ನಡುವಿನ ದನಿ ಎಲ್ಲಿ ಸಾಯುತ್ತದೆ, ಪಕ್ಕದವು ಎಲ್ಲಿ ಉಳಿಯುತ್ತವೆ ಅನ್ನುವ ಜಾಗ ಸಿಕ್ಕಿತು. ಅಲ್ಲಿಗೆ ಬೆರಳು ಗಟ್ಟಿ ಮಾಡಿದಳು.

"ನಾನು ಹಿಡ್ಕಂತೀನಿ," ಅಂದಳು. "ನೀನು ಹೇಳವ್ವ."

ಬಬ್ಬೂರಿನ ಬೀದಿಯಲ್ಲಿ ಕಾರು ಎತ್ತಿನ ಗಾಡಿಯಷ್ಟೇ ನಿಧಾನ ಹೋಯಿತು. ಜಗುಲಿಯ ಮೇಲಿದ್ದವರು ಎದ್ದು ನಿಂತರು. ತಿಪ್ಪಕ್ಕ ಯಮುನಾಳ ಅಪ್ಪನನ್ನು, ಅವ್ವನನ್ನು, ಹಟ್ಟಿಯ ಬಾವಿಯನ್ನು, ರೊಪ್ಪದ ಕುರಿಗಳನ್ನು ಒಂದೊಂದು ನುಡಿಯಲ್ಲಿ ಹೇಳಿದಳು. ಹೇಳಿದ್ದಕ್ಕೆಲ್ಲ ಸೋ ಬಂತು. ಬರಗೇರಮ್ಮ ಎಡಗಡೆ ಬಾಗಿಲಲ್ಲಿದ್ದಳು, ಈರಕ್ಕ ಬಲಗಡೆ ಬಾಗಿಲಲ್ಲಿ.

ಗಂಡಿನ ಮನೆ ಕಾಣುವ ತಿರುವಿನಲ್ಲಿ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಅದನ್ನು ಹಿಂದಕ್ಕೆ ತೆಗೆಯುವಷ್ಟರಲ್ಲಿ ಕ್ಯಾಸೆಟ್ಟು ಮುಗಿಯಿತು. ವಾಕ್‌ಮನ್ನಿನ ಗುಂಡಿ ಟಕ್ ಅಂತ ಮೇಲೆದ್ದಿತು. ಹೊಸ್ತಿಲು ಇನ್ನೂ ಇಪ್ಪತ್ತು ಮಾರು ದೂರವಿತ್ತು, ತಿಪ್ಪಕ್ಕನ ಒಂದು ನುಡಿ ಆಗಲೇ ಬಾಯಿಂದ ಹೊರಬಿದ್ದು ಉತ್ತರಕ್ಕೆ ಕಾಯುತ್ತಿತ್ತು. ಅವಳು ಬೆಚ್ಚಿದಳು. ಒಂಟಿ ದನಿ, ಹೆಣದ ಮುಂದಿನದು.

"ಸೋ," ಅಂದ ರಾಜಕುಮಾರ, ಸ್ಟೀರಿಂಗ್ ಹಿಡಿದುಕೊಂಡೇ, ಕೋಣದಂಥ ದನಿಯಲ್ಲಿ.

"ಥೂ ನಿನ್ನ, ಗಂಡಸು ಎಲ್ಲಾದ್ರೂ ಸೋ ಅಂತಾನೇನೋ," ಅಂದಳು ಗಿರಿಯಮ್ಮ. ಬೈದ ಮೇಲೆ ಆ ಜಾಗವನ್ನು ಯಾರಾದರೂ ತುಂಬಬೇಕಾಯಿತು. "ಮೆಲ್ಲಕೆ ನಡೆಸೀರೆ ಸೋ," ಅಂತ ತಾನೇ ಎತ್ತಿಕೊಂಡಳು. ದಾರಿಯುದ್ದಕ್ಕೂ ಕೇಳಿ ಕೇಳಿ ಸಾಲು ಬಾಯಿಗೆ ಬಂದಿತ್ತು. ಜೊತೆಗೆ ರೇಣುಕಮ್ಮನ ದನಿ ಸೇರಿತು. ಕಿಟಕಿಯ ಪಕ್ಕ ನಡೆದು ಬರುತ್ತಿದ್ದ ಬುತ್ತಿ ಚೀಲದ ಹೆಂಗಸೂ ಸೇರಿದಳು. ಶ್ರುತಿ ಒಬ್ಬೊಬ್ಬರದು ಒಂದೊಂದು ಕಡೆ. ತಿಪ್ಪಕ್ಕ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದ ಎರಡು ನುಡಿಯನ್ನು ಹೇಳಿ ಮುಗಿಸಿದಳು.

ಕಾರು ಹೊಸ್ತಿಲ ಮುಂದೆ ನಿಂತಿತು. ಕಿರಣ್‌ಕುಮಾರ್ ಅಲ್ಲಿದ್ದ, ಅವನ ಅವ್ವ ಆರತಿ ತಟ್ಟೆ ಹಿಡಿದಿದ್ದಳು. ಗಿರಿಯಮ್ಮ ಮೊದಲು ಇಳಿದು, ಆ ಕಡೆಯ ಬಾಗಿಲಿಗೆ ಸುತ್ತಿಬಂದು ತೆಗೆದಳು.

"ಇಳೀರಿ," ಅಂದಳು ರೇಣುಕಮ್ಮನಿಗೆ. "ನೀವು ಇಳಿದು ಕೈ ಹಿಡಿದು ಇಳಿಸ್ರಿ ಅವಳ್ನ. ಕಳಿಸಾಕೆ ಬಂದೋರಲ್ಲ ನೀವು."

"ತಡೀರಿ," ಅಂದಳು ರೇಣುಕಮ್ಮ. ಅವಳ ಎರಡು ಬೆರಳು ಇನ್ನೂ ಪಿನ್ನಿನ ಮೇಲೆಯೇ ಇದ್ದವು, ಅರ್ಧ ಒಳಗೆ, ಅರ್ಧ ಹೊರಗೆ. ಜೋಮು ಹಿಡಿದಿತ್ತು. ಬಿಡಿಸಿಕೊಂಡು, ವಾಕ್‌ಮನ್ನನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ಅವ್ವನ ಮಡಿಲಿಗೆ ಇಟ್ಟು, ಆಮೇಲೆ ಇಳಿದಳು.